‘ಈಗ ಭಯವಿಲ್ಲ’ ಅಂತ ಹೇಳೋದು ಯಾರು?

ಸಿಂಧನೂರು ಕಡೆ ಬಸ್ಸಿನಲ್ಲಿ ಓಡಾಡಿದವರು ಗಮನಿಸಿರುತ್ತೀರಿ, ಅಲ್ಲಿ ಎಷ್ಟೋ ಊರಿನ ಹೆಸರಿಗೆ ‘ಕ್ಯಾಂಪ್’ ಅನ್ನೋ ಬಾಲ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಭತ್ತ ಬೆಳೆದು ನೆಲೆಸಿದ ಕ್ಯಾಂಪುಗಳೇ ಬಹಳ. ಆರ್.ಎಚ್. ಕ್ಯಾಂಪುಗಳ ಕತೆ ಬೇರೆ. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ, ಎಲ್ಲ ಬಿಟ್ಟು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿಸಿದ ಊರುಗಳು ಅವು. ಸುಮಾರು ಐವತ್ತು ವರ್ಷ ಆಯ್ತು. ಮೊಮ್ಮಕ್ಕಳು ದುರ್ಗಾಪೂಜೆ ಮಾಡುತ್ತಾರೆ, ಜಗಳ ಮಾತ್ರ ರಾಯಚೂರು ಕನ್ನಡದಲ್ಲೇ ಆಡುತ್ತಾರೆ. ಆದರೂ ಊರು ಇನ್ನೂ ಕ್ಯಾಂಪೇ.

ಆಪ್ತಸಮಾಲೋಚನೆ ನನ್ನ ಕೆಲಸ. ಬೆಂಗಳೂರಲ್ಲಿ ದೊಡ್ಡವರ ಜೊತೆ, ಅವರ ಹಳೇ ಆಘಾತಗಳ ಜೊತೆ ಕೂರುತ್ತೇನೆ. ನಾವು ಹಿಡಿಯೋ ದಾರಿಯನ್ನು ಚಿಕ್ಕದಾಗಿ ಹೇಳಬೇಕೆಂದರೆ, ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಬರೆದ ಪುಸ್ತಕದಲ್ಲಿ ಮೂರು ಹಂತ ಹೇಳಿದ್ದಾರೆ. ಮೊದಲು ಸುರಕ್ಷತೆ. ಆಮೇಲೆ ನೆನಪು ಮತ್ತು ದುಃಖ. ಕೊನೆಗೆ ಮತ್ತೆ ಜನರ ಜೊತೆ ಬೆರೆಯೋದು. ಈ ಕ್ರಮಕ್ಕೆ ಕಾರಣ ಇದೆ. ಆಘಾತದ ನೆನಪು ಬೇರೆ ನೆನಪುಗಳ ಹಾಗೆ ಹಳೆಯದಾಗೋದಿಲ್ಲ. ಅದು ಈಗಲೇ ನಡೀತಿದೆ ಅಂತ ಮೈ ನಂಬಿಬಿಡುತ್ತದೆ. ಅದಕ್ಕೇ ಸೆಷನ್‌ನಲ್ಲಿ ‘ಪಾದ ನೆಲಕ್ಕೆ ಊರಿ, ಸುತ್ತ ಕಾಣೋ ಐದು ವಸ್ತುಗಳ ಹೆಸರು ಹೇಳಿ’ ಅಂತೀವಿ. ಇದರ ಹಿಂದಿರೋದು ಒಂದೇ ಮಾತು: ಅದು ಆವಾಗ, ಇದು ಈಗ, ಈಗ ಭಯವಿಲ್ಲ.

ಈ ಕೊನೆಯ ಮಾತನ್ನು ಹೇಳೋ ಹಕ್ಕು ನನಗೆ ಎಲ್ಲಿಂದ ಬಂತು ಅನ್ನೋದು ನನ್ನ ಪ್ರಶ್ನೆ. ಅದನ್ನು ನನ್ನ ತಲೆಗೆ ಹಾಕಿದವನು ಆರ್.ಎಚ್. ಕ್ಯಾಂಪಿನ ಒಬ್ಬ ಗೆಳೆಯ. ಅವನ ಒಪ್ಪಿಗೆ ಪಡೆದು, ಕೆಲವು ವಿವರ ಬದಲಿಸಿ ಬರೀತಿದ್ದೀನಿ. ಅವನು ಇಲ್ಲೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಒಂದಿನ ಫೋನ್ ಮಾಡಿ, “ಬಾಬಾ ರಾತ್ರಿ ಎರಡಕ್ಕ ಎದ್ದು ಟ್ರಂಕ್ ತೆಗೀತಾರ. ಕಾಗದ ಎಲ್ಲಾ ಎಣಿಸಿ ಮತ್ತ ಬೀಗ ಹಾಕ್ತಾರ. ಸಣ್ಣವರಿದ್ದಾಗ ಗಡಿ ದಾಟಿ ಬಂದದ್ದು ಕೇಳಿದ್ರ ಬಾಯೇ ಬಿಡಂಗಿಲ್ಲ. ನೀ ಒಮ್ಮೆ ಕುಂತು ಬಾಯಿ ಬಿಡಿಸ್ತೀ ಏನು?” ಅಂದ.

ನನ್ನ ಪುಸ್ತಕಗಳಲ್ಲಿ ಆ ಟ್ರಂಕಿಗೆ ಹೆಸರು ಸಿದ್ಧವಾಗಿದೆ: ಅತಿ ಎಚ್ಚರ. ಅಪಾಯ ಮುಗಿದ ಮೇಲೂ ಕಾವಲು ಕಾಯೋ ಮನಸ್ಸು. ಆದರೆ ಅಪಾಯ ಮುಗಿದಿದೆಯಾ?

ಕಾನೂನನ್ನೇ ನೋಡಿ. 1987ರ ಜುಲೈ 1ರ ನಂತರ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದ ಪೌರರಾಗಬೇಕಾದರೆ ಅಪ್ಪ-ಅಮ್ಮರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಇನ್ನೊಂದು ಷರತ್ತು: ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ನನ್ನ ಗೆಳೆಯ ಹುಟ್ಟಿದ್ದು 1989ರಲ್ಲಿ, ಅವನ ಮಗಳು 2018ರಲ್ಲಿ. ಅಂದರೆ ಆ ಟ್ರಂಕಿನಲ್ಲಿರೋದು ಹಳೇ ಗಾಯವಷ್ಟೇ ಅಲ್ಲ, ಎರಡನೇ ಕ್ಲಾಸಿನ ಹುಡುಗಿಯ ನಾಳೆಯೂ ಅದರಲ್ಲೇ ಇರಬಹುದು. 2019ರ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನಲ್ಲಿ ನಿಯಮಗಳು ಬಂದವು. ಆ ಕಾಯ್ದೆ ಸರಿಯೋ ತಪ್ಪೋ ಅನ್ನೋ ದೊಡ್ಡ ವಾದ ಬೇರೆ ಇದೆ, ಅದನ್ನು ಇಲ್ಲಿ ಎತ್ತೋದಿಲ್ಲ. ಆದರೆ ಅದರಡಿ ಅರ್ಜಿ ಹಾಕೋರು ಯಾವ ದೇಶದಿಂದ, ಯಾವಾಗ ಬಂದೆವು ಅಂತ ಬರೆದು ದಾಖಲೆ ತೋರಿಸಬೇಕು. ಐವತ್ತು ವರ್ಷ ಇಲ್ಲಿನವನಾಗಿ ಬದುಕಿದ ಮನುಷ್ಯ, ಇಲ್ಲಿನವನಾಗೋಕೆ, ‘ನಾನು ಅಲ್ಲಿಯವನು’ ಅಂತ ಸಹಿ ಹಾಕಬೇಕು. ಅಂಥವರ ಕೈ ಹಿಡಿದು ‘ಬಾಬಾ, ಎಲ್ಲಾ ಮುಗಿದುಹೋಗಿದೆ’ ಅಂದರೆ ಅದು ಚಿಕಿತ್ಸೆಯಲ್ಲ, ಸುಳ್ಳು. ಸಮಾಧಾನ ಸಿಗುತ್ತೆ ಅನ್ನೋ ಕಾರಣಕ್ಕೆ ಸುಳ್ಳು ಹೇಳೋದಾದರೆ ಜ್ಯೋತಿಷಿಗೂ ನನಗೂ ಏನು ವ್ಯತ್ಯಾಸ?

ಹಾಗಾದರೆ ಸರ್ಕಾರದ ಕಾಗದ ಬರೋವರೆಗೆ ಥೆರಪಿ ಕೈಕಟ್ಟಿ ಕೂರಬೇಕಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಗಾಂಡಾದ ನಿರಾಶ್ರಿತರ ನೆಲೆಯೊಂದರಲ್ಲಿ, ಸುಡಾನ್ ಯುದ್ಧದಿಂದ ಓಡಿಬಂದವರ ಜೊತೆ ಮಾಡಿದ ಕೆಲಸದ ವರದಿ 2004ರಲ್ಲಿ ಪ್ರಕಟವಾಯಿತು. ಆ ಜನ ಆಗಲೂ ನಿರಾಶ್ರಿತರೇ, ಅವರಿಗೆ ಊರಿಗೆ ಮರಳೋ ಭರವಸೆ ಯಾರೂ ಕೊಟ್ಟಿರಲಿಲ್ಲ. ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಹುಟ್ಟಿನಿಂದ ಇಲ್ಲಿಯವರೆಗಿನ ಬದುಕು ಅದು. ಒಳ್ಳೆಯದು ನಡೆದ ಕಡೆ ಹೂವು, ಕೆಟ್ಟದ್ದು ನಡೆದ ಕಡೆ ಕಲ್ಲು. ಆಮೇಲೆ ಒಂದೊಂದೇ ಕಲ್ಲಿನ ಕತೆಯನ್ನು, ಎಲ್ಲಿ, ಯಾವಾಗ, ಮುಂದೇನಾಯ್ತು ಅಂತ ನಿಧಾನವಾಗಿ ಹೇಳೋದು. ಚಿಕಿತ್ಸಕರು ಬರೆದುಕೊಂಡು ಮುಂದಿನ ಸಲ ಓದಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದಿಸಿಕೊಳ್ಳುತ್ತಾರೆ. ಕೊನೆಗೆ ಆ ಬರಹ ಹೇಳಿದವರ ಕೈಗೆ. ಒಂದು ವರ್ಷದ ಮೇಲೆ ನೋಡಿದಾಗ ಅವರಲ್ಲಿ ಹೆಚ್ಚಿನವರು ಸುಧಾರಿಸಿದ್ದರು.

ಇಲ್ಲಿ ನನಗೆ ಮುಖ್ಯ ಅನ್ನಿಸೋದು, ಯಾರೂ ಅವರಿಗೆ ‘ಈಗ ಭಯವಿಲ್ಲ’ ಅಂತ ಹೇಳಬೇಕಾಗಲಿಲ್ಲ. ಆವತ್ತಿನ ಭಯವನ್ನು ಅದರ ಜಾಗದಲ್ಲಿ, ಅದರ ತಾರೀಖಿನಲ್ಲಿ ಇಟ್ಟರು. ಆಗ ಇವತ್ತಿನ ಭಯ ಬೇರೆಯಾಗಿ ಕಾಣುತ್ತದೆ. ಎರಡು ಭಯ ಗಂಟುಬಿದ್ದಾಗ ಮನುಷ್ಯನಿಗೆ ಕೈಕಾಲು ಆಡೋದಿಲ್ಲ. ಬಿಡಿಸಿದರೆ ಒಂದಕ್ಕೆ ಅಳಬಹುದು, ಇನ್ನೊಂದಕ್ಕೆ ತಹಶೀಲ್ದಾರ್ ಆಫೀಸಿಗೆ ಹೋಗಬಹುದು. ನಾನು ಪ್ರಾಮಾಣಿಕವಾಗಿ ಕೊಡಬಹುದಾದ್ದು ಇಷ್ಟೇ. ಈ ಕೋಣೆಯಲ್ಲಿ, ಈ ಒಂದು ಗಂಟೆ, ನೀವು ಹೇಳಿದ್ದು ಹೊರಗೆ ಹೋಗಲ್ಲ; ನೀವು ಬೇಡ ಅಂದಾಗ ನಿಲ್ಲಿಸ್ತೀನಿ. ಹೊರಗಿನ ಜಗತ್ತಿನ ಗ್ಯಾರಂಟಿ ನನ್ನ ಹತ್ತಿರ ಇಲ್ಲ.

ಇನ್ನು ‘ಬಾಯಿ ಬಿಡಿಸೋದು’. ದುರಂತ ನಡೆದ ಕೂಡಲೇ ಒಂದೇ ಕೂತಲ್ಲಿ ಎಲ್ಲ ಹೇಳಿಸಿಬಿಡೋ ಪದ್ಧತಿ ಒಂದು ಕಾಲಕ್ಕೆ ಜೋರಾಗಿತ್ತು. ಅದರಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಅಂತ ಅಧ್ಯಯನಗಳು ಹೇಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡ ಎಂದಿತು. 2011ರ ಅದರ ಕೈಪಿಡಿ ಹೇಳೋದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ಸಹಾಯಕ್ಕೆ ಜೋಡಿಸಿ. ಒತ್ತಾಯ ಮಾಡಿ ಹೇಳಿಸಿ ಅಂತ ಎಲ್ಲೂ ಇಲ್ಲ. ನಮ್ಮ ತಲೆಮಾರಿಗೆ ಮಾತ್ರ ಎಲ್ಲರೂ ‘ಓಪನ್ ಅಪ್’ ಆಗಲೇಬೇಕು. ಅಪ್ಪನ ಮೌನ ನಮಗೆ ಕಾಯಿಲೆಯ ಹಾಗೆ ಕಾಣುತ್ತೆ. ಆ ಕತೆ ಅಪ್ಪನ ಸ್ವಂತದ್ದು, ನಮಗೆ ಬರಬೇಕಾದ ಆಸ್ತಿಯಲ್ಲ ಅನ್ನೋದು ಮರೆತುಹೋಗುತ್ತೆ.

ಗೆಳೆಯನಿಗೆ ನಾನು ಹೇಳಿದ್ದು: “ಕತೆ ಕೇಳಬೇಡ. ಕಾಗದ ಕೇಳು. ಅವರ ಜೊತೆ ಕುಂತು ಒಂದೊಂದೂ ಏನಂತ ತಿಳ್ಕೊ.” ಹಬ್ಬಕ್ಕೆ ಹೋದಾಗ ಹಾಗೇ ಮಾಡಿದ. ಎರಡು ದಿನ ಅಪ್ಪ-ಮಗ ಜೆರಾಕ್ಸ್ ಅಂಗಡಿಗೆ ಓಡಾಡಿದರು. ಹಳೇ ರೇಷನ್ ಕಾರ್ಡು, ಜಮೀನಿನ ಪಹಣಿ, ಮಡಿಕೆಯಲ್ಲಿ ಹರಿದ ಒಂದು ಚೀಟಿ. ಗಡಿಯ ಮಾತು ಬರಲೇ ಇಲ್ಲ. ಬಾಬಾ ಈಗಲೂ ರಾತ್ರಿ ಏಳುತ್ತಾರಂತೆ, ಮೊದಲಿನಷ್ಟಲ್ಲ. ಟ್ರಂಕಿನ ಎರಡನೇ ಕೀಲಿ ಈಗ ಮಗನ ಹತ್ತಿರ ಇದೆ.

ಹರ್ಮನ್ ಹೇಳಿದ ಮೊದಲ ಹಂತವನ್ನು ನಾವು ಗಾಯಗೊಂಡವರ ಹೋಂವರ್ಕ್ ಮಾಡಿಬಿಟ್ಟಿದ್ದೀವಿ. ಉಸಿರಾಟ ಕಲಿ, ಡೈರಿ ಬರಿ, ನಿನ್ನ ಸುರಕ್ಷತೆ ನೀನೇ ಹುಡುಕಿಕೋ. ಆದರೆ ಸುರಕ್ಷತೆ ಒಬ್ಬರೇ ಮಾಡಿಕೊಳ್ಳೋ ವಸ್ತುವಲ್ಲ, ಸುತ್ತಲಿನವರು ಸೇರಿ ಕೊಡೋದು. ಬಾಡಿಗೆ ಮನೆ ಕೇಳಿಕೊಂಡು ಬಂದವನ ಬಂಗಾಳಿ ಹೆಸರು ಕೇಳಿ, ಮಾಲೀಕರು ಅಡ್ವಾನ್ಸ್ ಮಾತಾಡೋ ಮೊದಲೇ ‘ನೀವು ಬಾಂಗ್ಲಾದವರಾ?’ ಅಂತಾರಲ್ಲ, ಆಗ ಪಕ್ಕದಲ್ಲಿ ನಿಂತ ನಾವು ಏನು ಹೇಳ್ತೀವಿ ಅನ್ನೋದೂ ಚಿಕಿತ್ಸೆಯ ಒಂದು ಭಾಗವೇ. ಅದಕ್ಕೆ ಡಿಗ್ರಿ ಬೇಕಾಗಿಲ್ಲ.