ಹೊಲದಲ್ಲಿ ಅಹಿಂಸೆ

ಬೇಸಾಯ ಹಿಂಸೆಯಿಲ್ಲದೆ ನಡೆಯದು. ನೇಗಿಲು ನೆಲವನ್ನು ಸೀಳುವಾಗಲೇ ಎಷ್ಟು ಜೀವಗಳು ಅಳಿಯುತ್ತವೆಯೋ ಲೆಕ್ಕವಿಟ್ಟವರಿಲ್ಲ. ಇದನ್ನರಿತೇ ಜೈನ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಬೇಕೆಂದೇ ಮಾಡುವ ಹಿಂಸೆ, ಮನೆವಾರ್ತೆಯಲ್ಲಿ ಆಗುವ ಹಿಂಸೆ, ಜೀವನೋಪಾಯದಲ್ಲಿ ಆಗುವ ಹಿಂಸೆ, ಆತ್ಮರಕ್ಷಣೆಗಾಗಿ ಮಾಡುವ ಹಿಂಸೆ. ಮೊದಲನೆಯದನ್ನು ಶ್ರಾವಕನು ಬಿಡಲೇಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು. ಅಹಿಂಸೆಯನ್ನೇ ಉಸಿರಾಗಿಸಿಕೊಂಡಿದ್ದ ಗಾಂಧೀಜಿಯವರೂ ಬೆಳೆ ಕಾಯುವ ರೈತನಿಗೆ ಒಂದಿಷ್ಟು ಹಿಂಸೆ ತಪ್ಪದೆಂದು ಒಪ್ಪಿದ್ದರು. ಹುಳುವನ್ನು ಕೊಲ್ಲಬಹುದೇ ಎಂಬ ಪ್ರಶ್ನೆಗೆ ಹೀಗೆ ಎಂದೋ ಉತ್ತರ ದೊರೆತಿದೆ. ಕೊಲ್ಲುವವನ ಎಚ್ಚರ ಎಂತಹದಾಗಿರಬೇಕು ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಕಲಬುರಗಿಯ ಕಡೆಯ ತೊಗರಿ ಹೊಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗಿಡ ಹೂ ಬಿಡುವ ಹೊತ್ತಿಗೆ ಪತಂಗವೊಂದು ರಾತ್ರಿಯಲ್ಲಿ ಬಂದು ಮೊಗ್ಗು ಹೂಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಒಂದೇ ಹೆಣ್ಣು ನೂರಾರು ಮೊಟ್ಟೆಗಳನ್ನಿಟ್ಟೀತು. ಅವುಗಳಿಂದ ಹೊರಡುವ ಕಾಯಿಕೊರಕ ಹುಳು ತಲೆಯನ್ನು ಕಾಯಿಯೊಳಕ್ಕೆ ತೂರಿಸಿ, ಉಳಿದ ಮೈಯನ್ನು ಹೊರಗೆ ಬಿಟ್ಟು ಕಾಳು ತಿನ್ನುತ್ತದೆ. ಒಂದು ಕಾಯಿ ಮುಗಿದರೆ ಇನ್ನೊಂದು. ವರ್ಷದ ದುಡಿಮೆ ಕಣ್ಣೆದುರಿಗೇ ಕರಗುವುದನ್ನು ಕಂಡ ರೈತನಿಗೆ ದಯೆಯ ಉಪದೇಶ ಮಾಡಿದರೆ ಅದು ಹೊಟ್ಟೆ ತುಂಬಿದವರ ಮಾತಾದೀತು.

ಆ ಸೀಮೆಯ ರೈತರಿಗೆ ಹಿಂದಿನಿಂದಲೂ ಒಂದು ಕ್ರಮ ಗೊತ್ತು. ಗಿಡದ ಬುಡಕ್ಕೆ ತಾಡಪತ್ರಿಯನ್ನೋ ಹಳೆಯ ಬಟ್ಟೆಯನ್ನೋ ಹಿಡಿದು ಗಿಡವನ್ನು ಬಾಗಿಸಿ ಅಲ್ಲಾಡಿಸುತ್ತಾರೆ. ಉದುರಿದ ಹುಳುಗಳನ್ನು ಬಳಿದು ನಾಶಮಾಡುತ್ತಾರೆ. ಇದೂ ಕೊಲ್ಲುವುದೇ, ಸಂದೇಹವಿಲ್ಲ. ಆದರೆ ಇಲ್ಲಿ ಕೊಲ್ಲುವವನಿಗೆ ತಾನು ಯಾವುದನ್ನು ಕೊಲ್ಲುತ್ತಿದ್ದೇನೆ, ಎಷ್ಟನ್ನು ಕೊಲ್ಲುತ್ತಿದ್ದೇನೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೂವಿಗೆ ಬಂದ ಜೇನು ಹಾರಿ ಹೋಗುತ್ತದೆ. ಹೇನುಗಳನ್ನು ತಿಂದು ಬದುಕುವ ಗುಲಗಂಜಿ ಹುಳು ಬಿದ್ದರೆ ಅದನ್ನು ಬಿಟ್ಟುಬಿಡಬಹುದು. ಪಂಪಿನಿಂದ ಸಿಡಿಯುವ ವಿಷಕ್ಕೆ ಈ ವಿವೇಚನೆ ಎಲ್ಲಿಯದು?

ಇಂದಿನ ಕೃಷಿಶಾಸ್ತ್ರವೂ ಸುತ್ತಿ ಬಳಸಿ ಇಲ್ಲಿಗೇ ಬಂದಿದೆ. ಹುಳು ಕಂಡೊಡನೆ ಹೊಡೆಯಬೇಡಿ, ಗಿಡಗಳನ್ನು ಎಣಿಸಿ ನೋಡಿ, ನಷ್ಟದ ಗೆರೆ ದಾಟಿದರೆ ಮಾತ್ರ ಕೈಹಾಕಿ ಎಂದು ಅದು ಹೇಳುತ್ತದೆ. ಕಾಜಾಣ, ಗೊರವಂಕಗಳು ಕೂತು ಹುಳುಗಳನ್ನು ಹೆಕ್ಕಲೆಂದು ಹೊಲದಲ್ಲಿ ಅಲ್ಲಲ್ಲಿ ಕವಲುಕೋಲು ನೆಡಿ ಎನ್ನುತ್ತದೆ. ಒಂದಿಷ್ಟು ನಷ್ಟವನ್ನು ಸಹಿಸಿಕೊಳ್ಳುವುದು ಲಾಭದ ದಾರಿಯೇ ಎಂಬುದು ಶಾಸ್ತ್ರದ ಲೆಕ್ಕ. ಸಹನೆ ಎಂಬ ಮಾತು ಅಲ್ಲಿಲ್ಲ, ಆದರೆ ಅದರ ಅರ್ಥವಿದೆ.

ನಮ್ಮಲ್ಲಿ ವಿಷ ಸಿಂಪಡಿಸುವುದಕ್ಕೆ 'ಔಷಧಿ ಹೊಡೆಯುವುದು' ಎನ್ನುತ್ತೇವೆ. ಈ ಮಾತು ಎಷ್ಟು ಸಹಜವಾಗಿದೆಯೆಂದರೆ ಅದರೊಳಗಿನ ವಂಚನೆ ಕಿವಿಗೆ ಬೀಳುವುದೇ ಇಲ್ಲ. ಔಷಧಿಯೆಂದ ಮೇಲೆ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ಭ್ರಮೆ ಬೆಳೆಯುತ್ತದೆ. ವಿಷಕ್ಕೆ ಸತ್ತ ಹುಳುಗಳು ಸತ್ತವು; ತಾಳಿಕೊಂಡು ಉಳಿದವು ತಮ್ಮಂತಹ ಸಂತತಿಯನ್ನೇ ಬೆಳೆಸಿದವು. 1987ರಲ್ಲಿ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಇದೇ ಕಾಯಿಕೊರಕ ಹುಳು ಪೈರೆಥ್ರಾಯ್ಡ್ ವಿಷಗಳಿಗೆ ಜಗ್ಗದೆ ಬೆಳೆಯನ್ನು ತಿಂದುಹಾಕಿತು. ಸಾಲದ ಹೊರೆ ತಾಳಲಾರದೆ ಪ್ರಾಣ ಕಳೆದುಕೊಂಡವರು ರೈತರು.

ವಿಷ ಹೊಲದ ಬದುವಿನಲ್ಲಿ ನಿಲ್ಲುವುದೂ ಇಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು 2000ದವರೆಗೂ ನಡೆಯಿತು. ಸೊಳ್ಳೆಯನ್ನು ಹೋಲುವ ಒಂದು ತಿಗಣೆ ಗೇರಿನ ಚಿಗುರನ್ನು ಹೀರುತ್ತದೆಂಬುದೇ ಕಾರಣ. ಅಲ್ಲಿನ ಹಳ್ಳಿಗಳಲ್ಲಿ ನರಳಿದ ಮಕ್ಕಳ ಚಿತ್ರಗಳನ್ನು ನಾಡೆಲ್ಲ ಕಂಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು. ತೋಟದ ಲಾಭದಲ್ಲಿ ಆ ಮಕ್ಕಳಿಗೆ ಪಾಲಿರಲಿಲ್ಲ. ಅದರ ಹಿಂಸೆಯಲ್ಲಿ ಮಾತ್ರ ಪಾಲು ಬಂತು. ನೀತಿಯ ಗೆರೆ ಇಲ್ಲಿದೆಯೆಂದು ನನ್ನ ನಂಬಿಕೆ. ನಮ್ಮ ಬೆಳೆಗಾಗಿ ಮಾಡುವ ಹಿಂಸೆಯ ಬೆಲೆಯನ್ನು ಅದಕ್ಕೆ ಒಪ್ಪದವರ ತಲೆಗೆ ಕಟ್ಟುವ ಅಧಿಕಾರ ನಮಗಿಲ್ಲ.

ಸಾಲ ಮಾಡಿ ಬಿತ್ತಿದವನಿಗೆ ಗಿಡ ಎಣಿಸುವ ವ್ಯವಧಾನವೆಲ್ಲಿ, ಅಲ್ಲಾಡಿಸಲು ಆಳುಗಳೆಲ್ಲಿ ಎಂದು ಕೇಳುವವರುಂಟು. ಮಾತು ನಿಜ. ಆದುದರಿಂದಲೇ ಈ ಎಚ್ಚರದ ಭಾರವನ್ನು ಅವನೊಬ್ಬನ ಮೇಲೆ ಹೊರಿಸುವುದು ಅನ್ಯಾಯ. ಒಂದು ಕಾಳಿಗೂ ತೂತಿರಬಾರದು, ಬೆಲೆಯೂ ಏರಬಾರದು ಎಂದು ಪೇಟೆಯಲ್ಲಿ ಬೇಳೆ ಆರಿಸುವ ನಾವೂ ಆ ಪಂಪಿನ ಹಿಡಿಕೆಗೆ ಒಂದು ಕೈ ಕೊಟ್ಟಿದ್ದೇವೆ.

ಅದೇ ಕಲಬುರಗಿ ಸೀಮೆಯಲ್ಲಿ ಎಳ್ಳಮವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂತಾಯಿಗೆ ಪೂಜೆ ಮಾಡಿ, ರೊಟ್ಟಿ, ಕಡುಬು, ಭಜ್ಜಿಗಳ ಎಡೆಯನ್ನು ಹೊಲದ ತುಂಬ ಚೆಲ್ಲುತ್ತಾರೆ. ಇದಕ್ಕೆ ಚರಗವೆಂದು ಹೆಸರು. ಚೆಲ್ಲಿದ ತುತ್ತಿಗೆ ಹಕ್ಕಿಗಳು ಬರುತ್ತವೆ, ಹಾಗೆಯೇ ಹುಳುಗಳನ್ನೂ ಹೆಕ್ಕುತ್ತವೆ ಎಂದು ಕೆಲವರು ಅದಕ್ಕೊಂದು ಕಾರಣ ಕೊಡುತ್ತಾರೆ. ಕಾರಣವೇನೇ ಇರಲಿ, ಗಿಡ ಅಲ್ಲಾಡಿಸಿ ಹುಳು ಕೊಲ್ಲುವ ಕೈಯೇ ಚರಗವನ್ನೂ ಚೆಲ್ಲುತ್ತದೆ. ಹೊಲ ತನ್ನೊಬ್ಬನದಲ್ಲ ಎಂಬ ಅರಿವು ಅದಕ್ಕಿದೆ. ಆ ಅರಿವಿರುವ ಕೈ ಕೊಂದಾಗಲೂ ಬೇಕಾದುದಕ್ಕಿಂತ ಹೆಚ್ಚು ಕೊಲ್ಲಲಾರದು.