ಕಂಡವರ ಋಣ

ಸ್ಕೈಡೈವಿಂಗ್ ನಡೆಯುವ ಮೈದಾನದಲ್ಲಿ ನೆಲದ ಮೇಲಿರುವವರಿಗೆ ಒಂದು ರೂಢಿಯಿದೆ. ವಿಮಾನ 13,000 ಅಡಿಯ ಆಸುಪಾಸಿಗೆ ಏರಿ ಜನರನ್ನು ಬಿಟ್ಟ ಮೇಲೆ ಇವರು ತಲೆಯೆತ್ತಿ ಪ್ಯಾರಾಚೂಟ್‌ಗಳನ್ನು ಎಣಿಸುತ್ತಾರೆ. ಎಂಟು ಮಂದಿ ಹಾರಿದ್ದರೆ ಎಂಟು ಕೊಡೆಗಳು ಬಿಚ್ಚಿಕೊಳ್ಳಬೇಕು. ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಒಂದು ನಿಮಿಷದಷ್ಟು ಕಾಲ ಬೀಳುವ ದೇಹ ಕೆಳಗಿನವರ ಕಣ್ಣಿಗೆ ಸರಿಯಾಗಿ ಸಿಗುವುದೇ ಇಲ್ಲ. ಕೊಡೆ ಅರಳಿದಾಗಲೇ ಅಲ್ಲೊಬ್ಬ ಮನುಷ್ಯ ಇದ್ದಾನೆಂದು ಗೊತ್ತಾಗುವುದು. ಎಣಿಕೆ ಏಳಕ್ಕೇ ನಿಂತುಹೋದ ದಿನ ಅಲ್ಲಿ ನಿಂತವರೆಲ್ಲ, ಬಯಸಲಿ ಬಿಡಲಿ, ಒಂದು ಸಾವಿಗೆ ಸಾಕ್ಷಿಗಳಾಗುತ್ತಾರೆ. ಅಂಥ ದಿನಗಳು ವಿರಳ. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದ ಪ್ರಕಾರ 1970ರ ದಶಕದಲ್ಲಿ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಹೆಚ್ಚು ಜನ ಈ ಕ್ರೀಡೆಯಲ್ಲಿ ಸಾಯುತ್ತಿದ್ದರು; 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳಲ್ಲಿ ಸತ್ತವರು 10 ಮಂದಿ. ಆದರೆ ಹೀಗೆ ಸಾಯುವವರು ಸಾಮಾನ್ಯವಾಗಿ ಸಾಯುವುದು ಅಪರಿಚಿತರ ನಡುವೆ ಅಲ್ಲ. ಮೈದಾನದಲ್ಲಿ ಇರುವವರೆಂದರೆ ಬಹಳ ಸಲ ಅವರಿಗೆ ಕಲಿಸಿದವರು, ಅವರ ಪ್ಯಾರಾಚೂಟ್ ಮಡಚಲು ನೆರವಾದವರು, ಬೆಳಿಗ್ಗೆ ಒಟ್ಟಿಗೆ ಕಾಫಿ ಕುಡಿದವರು. ಅವರನ್ನು ಕುರಿತೇ ನನ್ನ ಪ್ರಶ್ನೆ. ಒಂದು ಸಾವನ್ನು ಕಣ್ಣಾರೆ ಕಂಡ ಮಾತ್ರಕ್ಕೆ ಸತ್ತವನಿಗೆ ನಾವು ಏನಾದರೂ ಸಲ್ಲಿಸಬೇಕಾಗುತ್ತದೆಯೇ? ಆಗುತ್ತದೆ ಎಂದು ನಾನು ನಂಬುತ್ತೇನೆ. ಕಂಡದ್ದನ್ನು ಕಂಡಂತೆ ಹೇಳುವುದು, ಮೊದಲು ತನಗೆ, ಆಮೇಲೆ ಇತರರಿಗೆ: ಇದು ಕಂಡವನ ಮೇಲೆ ಬೀಳುವ ಋಣ.

ಕೇಳುವುದಕ್ಕೆ ಇದು ಸಣ್ಣ ಕೆಲಸದಂತಿದೆ. ಆದರೆ ಸಾವು ಸಂಭವಿಸಿದ ಗಳಿಗೆಯಿಂದಲೇ ಅದನ್ನು ತಪ್ಪಿಸಿಕೊಳ್ಳುವ ಎರಡು ಮಾತುಗಳು ಎಲ್ಲರ ಬಾಯಲ್ಲಿ ಸಿದ್ಧವಾಗಿರುತ್ತವೆ. ‘ತನಗೆ ಇಷ್ಟವಾದದ್ದನ್ನು ಮಾಡುತ್ತಲೇ ಹೋದ’ ಎನ್ನುವುದು ಒಂದು. ಈ ಮಾತಿನಲ್ಲಿ ಕರುಣೆಯಿದೆ, ಸತ್ತವನ ತಾಯಿಯ ಎದುರು ಇದಕ್ಕಿಂತ ಬೇರೆ ಮಾತು ಹೊರಡದೆ ಇರಬಹುದು. ಆದರೂ ಇದು ನಿಜವೇ? ಅವನಿಗೆ ಇಷ್ಟವಾಗಿದ್ದದ್ದು ಆಕಾಶ, ಬೀಳುವಾಗಿನ ಆ ನಿರಾಳ, ನೆಲ ಮುಟ್ಟಿದ ಮೇಲಿನ ನಗು. ತೆರೆಯದ ಕೊಡೆಯ ಕೆಳಗೆ ಹಿಡಿಕೆಗಾಗಿ ಕೈ ತಡಕಾಡಿದ ಕೊನೆಯ ಸೆಕೆಂಡುಗಳನ್ನು ಅವನು ಇಷ್ಟಪಟ್ಟನೆಂದು ಹೇಳುವ ಅಧಿಕಾರ ಯಾರಿಗಿದೆ? ಎರಡನೆಯ ಮಾತು, ‘ತಪ್ಪು ಅವನದೇ, ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ’ ಎನ್ನುವುದು. ಇದು ಇನ್ನೂ ಅಪಾಯಕಾರಿ, ಏಕೆಂದರೆ ಇದು ಜ್ಞಾನದ ವೇಷದಲ್ಲಿ ಬರುತ್ತದೆ. ಈ ಕ್ರೀಡೆಯ ಬಹುಪಾಲು ಸಾವುಗಳಲ್ಲಿ ಮನುಷ್ಯನ ತಪ್ಪು ಇರುವುದು ಹೌದು. ಆದರೆ ಮಾತಿನ ಎರಡನೆಯ ಅರ್ಧವನ್ನು ನೋಡಿ. ಅಲ್ಲಿ ಆಡುವವನು ಕಾರಣವನ್ನು ಹುಡುಕುತ್ತಿಲ್ಲ. ಸತ್ತವನಿಗೂ ತನಗೂ ನಡುವೆ ಒಂದು ಗೋಡೆ ಕಟ್ಟುತ್ತಿದ್ದಾನೆ. ಮೊದಲ ಮಾತು ಸಾವನ್ನು ಸುಂದರವಾಗಿಸಿ ಮರೆಸುತ್ತದೆ, ಎರಡನೆಯದು ಅದನ್ನು ದೂರದ್ದಾಗಿಸಿ ಮರೆಸುತ್ತದೆ. ಎರಡರಿಂದಲೂ ನೆಮ್ಮದಿ ಸಿಗುವುದು ಬದುಕಿರುವವರಿಗೆ.

ಕನ್ನಡ ಓದುಗರಿಗೆ ಇಲ್ಲಿ ನೀಲಾಂಜನೆ ನೆನಪಾಗದೆ ಇರಲಾರಳು. ಪಂಪನ ಆದಿಪುರಾಣದಲ್ಲಿ ದೊರೆ ವೃಷಭನ ಸಭೆಗೆ ಇಂದ್ರ ಒಬ್ಬ ನರ್ತಕಿಯನ್ನು ಕಳಿಸುತ್ತಾನೆ. ಅವಳ ಆಯುಸ್ಸು ಮುಗಿಯುತ್ತ ಬಂದಿದೆ ಎಂದು ಬಲ್ಲವನೇ ಆರಿಸಿ ಕಳಿಸುತ್ತಾನೆ. ನಾಟ್ಯದ ನಡುವೆಯೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಸಭೆಗೆ ಗೊತ್ತಾಗುವುದಿಲ್ಲ. ಗೊತ್ತಾದದ್ದು ವೃಷಭನೊಬ್ಬನಿಗೆ. ಈ ಕಥೆಯನ್ನು ವೈರಾಗ್ಯದ ಕಥೆ ಎಂದೇ ನಾವು ಓದುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ವೈರಾಗ್ಯಕ್ಕೆ ಮೊದಲು ಅಲ್ಲಿ ನಡೆದದ್ದು ಒಂದು ನೋಟ. ತುಂಬಿದ ಸಭೆಯ ಕಣ್ಣೆದುರಿಗೇ ಒಬ್ಬಳು ಸತ್ತಳು, ಕಂಡವನು ಒಬ್ಬನೇ. ಹಾಗಾದರೆ ಎದುರಿಗೆ ಇರುವುದು ಬೇರೆ, ಕಾಣುವುದು ಬೇರೆ. ಮಿಕ್ಕವರಿಗೆ ಕಣ್ಣಿರಲಿಲ್ಲವೆಂದಲ್ಲ, ನಡುವೆ ತುಂಡಾಗದ ಒಂದು ಸೊಗಸು ಅವರಿಗೆ ಬೇಕಾಗಿತ್ತು, ಅದು ಸಿಕ್ಕಿತು. ‘ಇಷ್ಟವಾದದ್ದನ್ನು ಮಾಡುತ್ತಲೇ ಹೋದ’ ಎಂಬ ಮಾತು ಇಂದ್ರ ನಿಲ್ಲಿಸಿದ ಆ ಎರಡನೆಯ ನರ್ತಕಿ.

ನೋಡಿದವರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಾಕ್ಷ್ಯ ಹುಟ್ಟುವುದಿಲ್ಲ ಎನ್ನುವುದಕ್ಕೆ ಪ್ಯಾರಾಚೂಟಿನ ಚರಿತ್ರೆಯಲ್ಲೇ ಕಹಿಯಾದ ನಿದರ್ಶನವಿದೆ. 1912ರ ಫೆಬ್ರುವರಿ 4ರಂದು ಫ್ರಾಂಜ್ ರೈಖೆಲ್ಟ್ ಎಂಬ ದರ್ಜಿ ತಾನೇ ಹೊಲಿದ ಪ್ಯಾರಾಚೂಟ್ ಅಂಗಿ ತೊಟ್ಟು ಪ್ಯಾರಿಸ್ಸಿನ ಐಫೆಲ್ ಗೋಪುರದ ಮೊದಲ ಅಟ್ಟದಿಂದ, ಸುಮಾರು 57 ಮೀಟರ್ ಎತ್ತರದಿಂದ, ಹಾರಿದ. ಗೊಂಬೆಯನ್ನು ಬೀಳಿಸಿ ಪರೀಕ್ಷಿಸುತ್ತಾನೆಂದುಕೊಂಡು ಪೊಲೀಸರು ಒಪ್ಪಿಗೆ ಕೊಟ್ಟಿದ್ದರು. ಪತ್ರಕರ್ತರಿದ್ದರು, ಜನರಿದ್ದರು, ಚಲನಚಿತ್ರದ ಕ್ಯಾಮೆರಾಗಳೂ ಇದ್ದವು. ಅವನು ಬಿದ್ದು ಸತ್ತ ಮೇಲೆ ನೆಲದಲ್ಲಿ ಆದ ಗುಳಿಯ ಆಳವನ್ನು ಅಳೆದರು. ಆ ದೃಶ್ಯವೂ ಚಿತ್ರದಲ್ಲಿ ಉಳಿದಿದೆ. ನೂರು ವರ್ಷ ದಾಟಿದರೂ ಜನ ಅದನ್ನು ನೋಡುತ್ತಲೇ ಇದ್ದಾರೆ. ಹಾರುವ ಮುನ್ನ ಅಂಚಿನಲ್ಲಿ ನಿಂತು ಅವನು ಹಿಂದೆಗೆಯುತ್ತ ಮುಂದಾಗುತ್ತ ಕಳೆದ ಆ ದೀರ್ಘ ಕ್ಷಣಗಳು, ಒಂದು ಕೈ ಚಾಚಿ ತಡೆಯಬಹುದಾಗಿದ್ದ ಕ್ಷಣಗಳು, ಪ್ರತಿ ಸಲ ಹಾಗೆಯೇ ಕಳೆದುಹೋಗುತ್ತವೆ. ಕ್ಯಾಮೆರಾ ಎಲ್ಲವನ್ನೂ ನೋಡಿತು, ಅದಕ್ಕೆ ಯಾವ ಋಣವೂ ಇಲ್ಲ. ಇಂದು ಹೆಲ್ಮೆಟ್ಟಿನ ಕ್ಯಾಮೆರಾ ಹಿಡಿದ ಸಾವನ್ನು ಮೊಬೈಲಿನಲ್ಲಿ ನೋಡಿ ಮುಂದಿನದಕ್ಕೆ ಸರಿಯುವವರು ಆ ಕ್ಯಾಮೆರಾದ ಸಾಲಿನಲ್ಲೇ ನಿಲ್ಲುತ್ತಾರೆ.

ಹಾಗಾದರೆ ನೋಟ ಸಾಕ್ಷ್ಯವಾಗುವುದು ಯಾವಾಗ? ನ್ಯಾಯದರ್ಶನದವರು ‘ಆಪ್ತ’ನನ್ನು ವಿವರಿಸುವ ಬಗೆ ನನಗೆ ಇಲ್ಲಿ ಬಹಳ ಬೆಲೆಯುಳ್ಳದ್ದೆಂದು ತೋರುತ್ತದೆ. ವಾತ್ಸ್ಯಾಯನನ ಭಾಷ್ಯದಂತೆ, ವಸ್ತುವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಬಯಕೆಯಿಂದ ಮಾತಾಡುವವನು ಆಪ್ತ; ಅವನು ಋಷಿಯಾಗಬೇಕಿಲ್ಲ, ಆರ್ಯನಾದರೂ ಮ್ಲೇಚ್ಛನಾದರೂ ಲಕ್ಷಣ ಒಂದೇ. ಇಲ್ಲಿ ಅರಿವು ಮಾತ್ರ ಸಾಲದು, ತಿಳಿಸುವ ಬಯಕೆಯೂ ಬೇಕು. ಸ್ಕೈಡೈವಿಂಗ್ ತನ್ನ ಸಾವುಗಳನ್ನು ಕಡಿಮೆ ಮಾಡಿಕೊಂಡದ್ದು ಇಂಥ ಆಪ್ತರಿಂದ. ಅಲ್ಲಿ ಪ್ರತಿ ಸಾವಿನ ಮೇಲೂ ವರದಿ ಬರೆಯುವ ಸಂಪ್ರದಾಯ ಬೆಳೆಯಿತು: ಎಷ್ಟು ಎತ್ತರದಲ್ಲಿ ಏನಾಯಿತು, ಯಾವ ಹಿಡಿಕೆ ಎಳೆದಿತ್ತು, ಯಾವುದು ಎಳೆಯದೆ ಉಳಿದಿತ್ತು. ಕೆಟ್ಟ ಮುಖ್ಯ ಪ್ಯಾರಾಚೂಟನ್ನು ಕಳಚಲಾಗದೆ ಜನ ಸಾಯುತ್ತಿದ್ದ ಕಾಲದಲ್ಲಿ, 1970ರ ದಶಕದಲ್ಲಿ, ಬಿಲ್ ಬೂತ್ ಎಂಬಾತ ಮೂರು ಉಂಗುರಗಳ ಕೊಂಡಿಯನ್ನು ರೂಪಿಸಿದ. ಒಂದೇ ಹಿಡಿಕೆ ಎಳೆದರೆ ಎರಡೂ ಭುಜದ ಪಟ್ಟಿಗಳು ಬಿಟ್ಟುಕೊಳ್ಳುವಂತಾಯಿತು. ಜರ್ಮನಿಯ ಹೆಲ್ಮುಟ್ ಕ್ಲೋಟ್ ತನ್ನ ಗೆಳೆಯನ ಸಾವಿನ ನಂತರ ಸೈಪ್ರೆಸ್ ಎಂಬ ಸಾಧನದ ಕೆಲಸಕ್ಕೆ ಕೈಹಾಕಿದ. 1991ರಲ್ಲಿ ಅದು ಬಳಕೆಗೆ ಬಂತು. ಸುಮಾರು 750 ಅಡಿ ಎತ್ತರದಲ್ಲೂ ದೇಹ ಕೊಡೆಯಿಲ್ಲದ ವೇಗದಲ್ಲೇ ಬೀಳುತ್ತಿದ್ದರೆ ಅದು ತಾನಾಗಿಯೇ ರಿಸರ್ವ್ ಪ್ಯಾರಾಚೂಟನ್ನು ಬಿಡಿಸುತ್ತದೆ. ಆ ಹೊತ್ತಿಗೆ ನೆಲಕ್ಕೆ ಉಳಿದಿರುವುದು ನಾಲ್ಕೈದು ಸೆಕೆಂಡು. ಪ್ರಜ್ಞೆ ತಪ್ಪಿದವರನ್ನೂ ಎತ್ತರದ ಎಚ್ಚರ ತಪ್ಪಿದವರನ್ನೂ ಅದು ಉಳಿಸಿದೆ. ಒಬ್ಬ ಗೆಳೆಯನ ಸಾವು ಹೀಗೆ ಅಪರಿಚಿತರ ಬೆನ್ನಿನ ಮೇಲೆ ಕುಳಿತು ಕಾಯುತ್ತಿದೆ. ಇದಕ್ಕಿಂತ ನಿಷ್ಠೆಯ ಶ್ರಾದ್ಧ ನನಗೆ ತೋಚದು.

ಆದರೆ ಇದೇ ಬಿಲ್ ಬೂತ್ ಒಂದು ಕಠಿಣ ಸತ್ಯವನ್ನೂ ಗಮನಿಸಿದ್ದ. ಸಲಕರಣೆ ಎಷ್ಟು ಸುರಕ್ಷಿತವಾಗುತ್ತದೋ ಜನ ಅಷ್ಟೇ ಹೆಚ್ಚು ಸಾಹಸಕ್ಕೆ ಇಳಿದು ಸಾವಿನ ಪ್ರಮಾಣವನ್ನು ಸರಿದೂಗಿಸಿಬಿಡುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಸೈಪ್ರೆಸ್ ಬಂದ ಮೇಲಿನ ವರ್ಷಗಳಲ್ಲಿ ಚಿಕ್ಕದಾದ, ವೇಗದ ಕೊಡೆಗಳು ಜನಪ್ರಿಯವಾದವು. ನೆಲದ ಹತ್ತಿರ ತೀವ್ರವಾಗಿ ತಿರುಗಿಸಿ ಹುಲ್ಲನ್ನು ಸವರಿಕೊಂಡು ಇಳಿಯುವ ಚೆಲುವಿಗೆ ಮನಸೋತವರು ಸಂಪೂರ್ಣವಾಗಿ ಅರಳಿದ, ಯಾವ ದೋಷವೂ ಇಲ್ಲದ ಪ್ಯಾರಾಚೂಟಿನ ಕೆಳಗೆ ಸತ್ತರು. ಇವು ಎಲ್ಲರ ಕಣ್ಣೆದುರು ನಡೆಯುವ ಸಾವುಗಳು. ಎಣಿಕೆ ಸರಿಯಾಗಿಯೇ ಇರುತ್ತದೆ. ಸಾವಿನ ಕಾರಣ ಇಲ್ಲಿ ಯಂತ್ರದಲ್ಲಿಲ್ಲ, ನೋಡುವವರ ಚಪ್ಪಾಳೆಯಲ್ಲೂ ಒಂದು ಪಾಲಿದೆ. ನಿನ್ನೆ ಅದೇ ತಿರುವನ್ನು ಮೆಚ್ಚಿದವನು ಇಂದು ಸಾಕ್ಷಿಯಾಗಿ ನಿಂತಾಗ ತನ್ನ ಮೆಚ್ಚುಗೆಯನ್ನೂ ಸೇರಿಸಿ ಹೇಳಬೇಕಾಗುತ್ತದೆ. ಸಾಕ್ಷ್ಯ ನುಡಿಯುವುದು ಕಷ್ಟವಾಗುವುದು ಇಲ್ಲಿ.

ಇದಕ್ಕೆ ಆಕ್ಷೇಪಗಳಿವೆ. ಸಾಕ್ಷಿ ಎಂದರೆ ಅಂಟಿಕೊಳ್ಳದವನು, ಹೊಣೆಯ ಮಾತೆಲ್ಲಿಂದ ಬಂತು ಎಂದು ವೇದಾಂತ ಬಲ್ಲವರು ಕೇಳಬಹುದು. ಒಂದು ಹಕ್ಕಿ ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ ಎಂಬ ಮುಂಡಕದ ಚಿತ್ರ ಅವರ ಬೆಂಬಲಕ್ಕಿದೆ. ಸತ್ತವರಿಗಾಗಿ ಪಂಡಿತರು ಶೋಕಿಸುವುದಿಲ್ಲವೆಂಬ ಗೀತೆಯ ಉಪದೇಶವೂ ಇದೆ. ಆದರೆ ಆ ಉಪದೇಶ ನಮ್ಮವರೆಗೆ ಬಂದದ್ದು ಯಾರ ಬಾಯಿಂದ? ಸಂಜಯನಿಂದ. ಅವನು ದಿವ್ಯದೃಷ್ಟಿಯಿಂದ ಕಂಡದ್ದನ್ನು ತನ್ನೊಳಗೇ ಇಟ್ಟುಕೊಂಡು ನಿರ್ಲಿಪ್ತನಾಗಿ ಕೂರಲಿಲ್ಲ. ಕೌರವರ ಕುರುಡು ತಂದೆಯ ಎದುರು ಕುಳಿತು, ಭೀಷ್ಮ ಬಿದ್ದದ್ದರಿಂದ ಹಿಡಿದು ಒಬ್ಬೊಬ್ಬ ಮಗನ ಸಾವನ್ನೂ ಹೇಳಿದ, ಮೆತ್ತಗೆ ಮಾಡದೆ, ದೊರೆಯ ತಪ್ಪನ್ನೂ ಬಿಡದೆ. ದುರ್ಯೋಧನ ಸತ್ತೊಡನೆ ಅವನ ಆ ದೃಷ್ಟಿ ಹೊರಟುಹೋಯಿತೆಂದು ಮಹಾಭಾರತ ಹೇಳುತ್ತದೆ; ಹೇಳುವುದು ಮುಗಿಯುವವರೆಗೆ ಮಾತ್ರ ಆ ಕಣ್ಣು ಕೊಟ್ಟದ್ದು. ನಿರ್ಲಿಪ್ತಿ ಬೇಕಾಗುವುದು ಕಂಡದ್ದನ್ನು ಬಣ್ಣ ಹಚ್ಚದೆ ಹೇಳುವುದಕ್ಕೆ. ಹೇಳದೆ ಇರುವುದಕ್ಕೆ ಅದನ್ನು ನೆಪ ಮಾಡಿಕೊಂಡರೆ ಅದು ನಿರ್ಲಿಪ್ತಿಯಲ್ಲ, ಉದಾಸೀನ.

ಅಪಾಯವನ್ನು ತಾವಾಗಿಯೇ ಆರಿಸಿಕೊಂಡವರ ಸಾವಿಗೆ ಯಾರ ಋಣ, ಎಂಬುದು ಇನ್ನೊಂದು ಆಕ್ಷೇಪ. ಆರಿಸಿಕೊಂಡದ್ದು ಜಿಗಿತವನ್ನು, ಸಾವನ್ನಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಅನೇಕರು ವೇಗವನ್ನು ಆರಿಸಿಕೊಂಡಿದ್ದರು, ಹೆಲ್ಮೆಟ್ ಬೇಡವೆಂದಿದ್ದರು. ಹಾಗೆಂದು ರಸ್ತೆಬದಿಯಲ್ಲಿ ನಿಂತು ಕಂಡವನು ಮುಖ ತಿರುಗಿಸಬಹುದೆಂದು ನಾವು ಒಪ್ಪುವುದಿಲ್ಲ. ಹೆಚ್ಚು ಗಂಭೀರವಾದದ್ದು ಮೂರನೆಯ ಆಕ್ಷೇಪ. ಗೆಳೆಯ ಸತ್ತ ಮೈದಾನದಿಂದಲೇ ಮರುದಿನ ಮತ್ತೆ ವಿಮಾನ ಏರುತ್ತದೆ. ನಿಜವಾಗಿ ಕಂಡವನು ಹೀಗೆ ಹಾರಬಲ್ಲನೇ? ವೃಷಭನು ಎದ್ದು ಕಾಡಿಗೆ ಹೋಗಲಿಲ್ಲವೇ? ಇದಕ್ಕೆ ನನ್ನ ಉತ್ತರ ಇಷ್ಟು. ವೃಷಭ ನಾಟ್ಯಕ್ಕೆ ಹೆದರಿ ಎದ್ದದ್ದಲ್ಲ. ನೀಲಾಂಜನೆಯಲ್ಲಿ ತನ್ನನ್ನು, ತನ್ನ ಸಿರಿಯನ್ನು ಕಂಡ. ಹಾರುವುದನ್ನು ಬಿಟ್ಟು ‘ನಾನು ಪಾರಾದೆ’ ಎಂದುಕೊಂಡವನು ಅದನ್ನು ಕಂಡಿಲ್ಲ. ‘ಇದು ನನಗೂ ಆಗಬಹುದಾದದ್ದು’ ಎಂದು ಒಪ್ಪಿ, ಹಿಡಿಕೆಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಗಾಳಿ ಹೆಚ್ಚಾದಾಗ ಇಂದು ಬೇಡವೆನ್ನುವ ಧೈರ್ಯವಿಟ್ಟುಕೊಂಡು ಹಾರುವವನು ಕಂಡಿರಬಹುದು. ಹೊರಗಿನವರು ಇದನ್ನು ಹಾರಾಟದಿಂದ ಅಳೆಯಲಾಗದು. ಹಾಗೆಂದು ಎಲ್ಲ ಮರುಜಿಗಿತಗಳನ್ನೂ ನಾನು ಸಮರ್ಥಿಸಲಾರೆ. ಕಂಬನಿ ಒರೆಸಿಕೊಳ್ಳುವ ಮೊದಲೇ ವಿಮಾನ ಏರುವುದು, ಅದನ್ನೇ ಸತ್ತವನ ಆಸೆ ಎನ್ನುವುದು, ರಸಭಂಗಕ್ಕೆ ಹೆದರಿದ ಇಂದ್ರನ ಕೆಲಸವೇ.

ಕಂಡವರ ಮೇಲೆ ಇಷ್ಟೊಂದು ಭಾರ ಹೊರಿಸುವುದು ಕ್ರೌರ್ಯವಲ್ಲವೇ ಎಂದು ಕೇಳುವವರ ಮಾತನ್ನು ನಾನು ತಳ್ಳಿಹಾಕಲಾರೆ. ಬಿದ್ದ ಸದ್ದು ವರ್ಷಗಟ್ಟಲೆ ನಿದ್ದೆಯಲ್ಲಿ ಕೇಳುವವರಿದ್ದಾರೆ. ಆಘಾತಗೊಂಡ ನೆನಪು ತಪ್ಪನ್ನೂ ಹೇಳುತ್ತದೆ, ಸೆಕೆಂಡನ್ನು ನಿಮಿಷ ಮಾಡುತ್ತದೆ. ನೈಯಾಯಿಕರು ಪ್ರತ್ಯಕ್ಷಕ್ಕೂ ‘ಅವ್ಯಭಿಚಾರಿ’ ಎಂಬ ವಿಶೇಷಣ ಸೇರಿಸಿದ್ದು ಸುಮ್ಮನಲ್ಲ. ಕಣ್ಣೂ ತಪ್ಪುತ್ತದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಋಣವೆಂದರೆ ಆ ದೃಶ್ಯವನ್ನು ಮತ್ತೆ ಮತ್ತೆ ಕಣ್ಣಿಗೆ ತಂದುಕೊಳ್ಳುವುದಲ್ಲ. ಒಮ್ಮೆ ಹೇಳುವುದು, ಇತರರು ಕಂಡದ್ದರ ಜೊತೆ ಇಟ್ಟು ನೋಡುವುದು, ತನಗೆ ಕಾಣದ್ದನ್ನು ಕಾಣಲಿಲ್ಲವೆಂದು ಒಪ್ಪುವುದು. ಹೇಳದೆ ಉಳಿದದ್ದು ಒಬ್ಬನೊಳಗೇ ಕೊಳೆಯುತ್ತದೆ. ಹೇಳಿದ್ದರ ಭಾರವನ್ನು ಇನ್ನೂ ನಾಲ್ಕು ಮಂದಿ ಹೊರುತ್ತಾರೆ.

ಆ ಕ್ರೀಡೆಯ ವರದಿಗಳಲ್ಲಿ ಸತ್ತವರ ಹೆಸರಿರುವುದಿಲ್ಲ. ವಯಸ್ಸು, ಅದುವರೆಗಿನ ಜಿಗಿತಗಳ ಸಂಖ್ಯೆ, ಕಾರಣ, ಅಷ್ಟೇ. ಇನ್ನೊಂದು ಕಡೆ, ಸತ್ತವನ ಚಿತಾಭಸ್ಮವನ್ನು ಗೆಳೆಯರು ವಿಮಾನದಲ್ಲಿ ಒಯ್ದು ಬೀಳುತ್ತಲೇ ಆಕಾಶದಲ್ಲಿ ಚೆಲ್ಲುವ ಪದ್ಧತಿಯೂ ಅವರಲ್ಲಿದೆ. ಅಲ್ಲಿ ಹೆಸರಷ್ಟೇ ಇರುತ್ತದೆ, ಕಾರಣವನ್ನು ಯಾರೂ ಎತ್ತುವುದಿಲ್ಲ. ಒಂದರಲ್ಲಿ ಮನುಷ್ಯ ಕಾಣೆಯಾಗುತ್ತಾನೆ, ಇನ್ನೊಂದರಲ್ಲಿ ಅವನು ಹೇಗೆ ಸತ್ತನೆಂಬುದು. ಎರಡನ್ನೂ ಬಿಡದೆ ಒಟ್ಟಿಗೆ ಇಟ್ಟುಕೊಂಡಿರಬಲ್ಲವನು ಕಂಡವನೊಬ್ಬನೇ: ಇಂಥವನು, ಇಂಥ ನಗುವಿನವನು, ಇಷ್ಟು ಎತ್ತರದಲ್ಲಿ ಎಡಕ್ಕೆ ತಿರುಗಿಸಿದ. ಆಕಾಶದಲ್ಲಿ ಚೀಲ ಬಿಚ್ಚಿದಾಗ ಬೂದಿ ಮೇಲಕ್ಕೆ ಚಿಮ್ಮಿ ಹೋದಂತೆ ಆ ಗೆಳೆಯರಿಗೆ ಕಾಣುತ್ತದೆ. ಅದು ಏರುತ್ತಿರುವುದಿಲ್ಲ, ಅದಕ್ಕಿಂತ ಬೇಗ ಇವರು ಬೀಳುತ್ತಿರುತ್ತಾರೆ. ಕೆಳಗಿನವರಿಗೆ ಅಷ್ಟು ಎತ್ತರದ ಬೂದಿ ಕಾಣುವುದಿಲ್ಲ. ಅವರು ಎಂದಿನಂತೆ ತಲೆಯೆತ್ತಿ ಕೊಡೆಗಳನ್ನು ಎಣಿಸುತ್ತಿರುತ್ತಾರೆ.