ಕಳುವಾದ ವಾಹನ, ಉಳಿದ ಹೊಣೆ

ಬೀದರದಲ್ಲಿ ಕಳುವಾದ ಕಾರೊಂದು ಭಾಲ್ಕಿಯ ದಾರಿಯಲ್ಲಿ ಪಾದಚಾರಿಯೊಬ್ಬನ ಪ್ರಾಣ ತೆಗೆಯಿತೆಂದು ಭಾವಿಸಿದರೆ, ಆ ಕುಟುಂಬದ ನಷ್ಟವನ್ನು ತುಂಬಬೇಕಾದವರು ಯಾರು? ಓಡಿಸಿದವನು ಕಳ್ಳ, ಅವನಲ್ಲಿ ಪರವಾನಗಿಯಿಲ್ಲ, ಧನವೂ ಇಲ್ಲ. ಒಡೆಯನು ಸ್ಥಳದಲ್ಲಿಯೇ ಇರಲಿಲ್ಲ.

1988ರ ಮೋಟಾರು ವಾಹನ ಕಾಯಿದೆಯು ಮೂರನೆಯ ವ್ಯಕ್ತಿಯ ಹಾನಿಗೆ ವಿಮೆಯನ್ನು ಕಡ್ಡಾಯಗೊಳಿಸಿದೆ. 2003ರ ಲೇಹ್ರು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥದೇ ಉದಾಹರಣೆಯನ್ನೆತ್ತಿ, ಕಳ್ಳನಿಗೆ ಪರವಾನಗಿ ಇರಲಿಲ್ಲವೆಂಬ ಕಾರಣದಿಂದ ವಿಮಾ ಕಂಪನಿಯು ಹೊಣೆಯಿಂದ ನುಣುಚಿಕೊಳ್ಳಲಾಗದೆಂದಿತು. ಅಲ್ಲವಾದರೆ ಕಡ್ಡಾಯ ವಿಮೆಯ ಉದ್ದೇಶವೇ ನಿಷ್ಫಲ. ನೊಂದವನು ವಿಮೆಯ ಕರಾರಿಗೆ ಸಹಿ ಹಾಕಿದವನಲ್ಲ. ಅದರ ಭಂಗಕ್ಕೆ ಅವನು ದಂಡ ತೆರಬಾರದು.

ಪರಿಹಾರದ ಪ್ರಶ್ನೆ ಇಲ್ಲಿಗೆ ತೀರಬಹುದು; ಶ್ರಾವಕನ ಪ್ರಶ್ನೆ ತೀರದು. ಕದ್ದವನು ಅಚೌರ್ಯವನ್ನು ಮುರಿದನು. ಒಡೆಯನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ನೆಲ, ನೀರು, ಬೆಂಕಿಗಳನ್ನು ನಿಷ್ಕಾರಣವಾಗಿ ಕೆಡಿಸುವುದನ್ನು ಕುರಿತ ಆ ವಿಚಾರವು ಇಂದಿನ ವಾಹನಕ್ಕೂ ಸಲ್ಲುತ್ತದೆ. ಬೀಗ ಹಾಕಿ ಎಚ್ಚರ ವಹಿಸಿದವನಿಗೆ ಆ ದೋಷ ತಟ್ಟದು. ಕೀಲಿಕೈಯನ್ನು ಕಾರಿನಲ್ಲಿಯೇ ಬಿಟ್ಟು ಅಂಗಡಿಗೆ ಹೋದವನಾದರೋ, ಕಳ್ಳನ ಪಾಪ ಕಳ್ಳನಿಗೆಂದು ನಿಶ್ಚಿಂತನಾಗಲಾರನು. ಹಿಂಸೆಗೆ ಸಾಧನವಾಗಬಲ್ಲ ವಸ್ತುವನ್ನು ಪರಿಗ್ರಹಿಸಿದವನು ಅದರ ಕಾವಲನ್ನೂ ಹೊರಬೇಕು.

ಪ್ರಮಾದವಿಲ್ಲದವನಿಗೂ ಕರುಣೆಯ ಕರ್ತವ್ಯ ಉಳಿದಿದೆ: ಕಳವನ್ನು ತಡಮಾಡದೆ ಪೊಲೀಸರಿಗೆ ತಿಳಿಸುವುದು, ವಿಮಾಪತ್ರವನ್ನು ಮರೆಮಾಚದಿರುವುದು, ನ್ಯಾಯಮಂಡಳಿಯ ಮುಂದೆ ಸತ್ಯವನ್ನೇ ನುಡಿಯುವುದು. ವಿಮೆಯು ಹಣದ ಹೊರೆಯನ್ನು ಹೊರುತ್ತದೆ. ಅಜಾಗರೂಕತೆಯಿಂದಾದ ಕರ್ಮಬಂಧವನ್ನು ಮತ್ತೊಬ್ಬರು ಹೊರಲಾರರು.